ಎರಡು ಸೀಟಿನ ಕಾರಿನಿಂದ ಇಳಿಯುವುದು

ಮಾರ್ಚ್ 3, ಸೋಮವಾರ

ಇವತ್ತು ಆಸ್ಪತ್ರೆಯ ಮುಂಬಾಗಿಲಲ್ಲಿ ನಾಲ್ಕು ಕಾಲಿನ ಪ್ರಾಣಿಯಾದೆ.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು ನಾನು. ಬೆನ್ನು ಎಲ್ಲಿರಬೇಕು, ಮಂಡಿ ಎಲ್ಲಿರಬೇಕು, ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ಸಾವಿರಾರು ಹುಡುಗಿಯರಿಗೆ ಕೂಗಿ ಕೂಗಿ ಹೇಳಿದವಳು. ಅಂಥವಳು ಆ ಮನುಷ್ಯನ ಕಾರಿನಿಂದ ಇಳಿಯಲು ಹೋಗಿ, ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು ಎದ್ದೆ. ಬಾಗಿಲು ತನ್ನ ಪಾಡಿಗೆ ತಾನು ಆಚೆ ಹೋಯಿತು. ಅದರ ಹಿಂದೆ ನಾನೂ ಹೋದೆ. ಎರಡೂ ಅಂಗೈ ನೆಲದ ಮೇಲೆ, ಒಂದು ಕಾಲು ಇನ್ನೂ ಕಾರಿನೊಳಗೆ. ಗಾಲಿಕುರ್ಚಿ ಹಿಡಿದು ನಿಂತಿದ್ದವನೊಬ್ಬ ಓಡಿ ಬಂದು, "ಅಜ್ಜಿ, ಕುರ್ಚಿ ತರ್ಲಾ?" ಎಂದ. ಅಜ್ಜಿಯಂತೆ! ಅರವತ್ತೆರಡಕ್ಕೇ ಅಜ್ಜಿ.

ಅದು ಕಾರಲ್ಲ, ಗಾಲಿ ಹಚ್ಚಿದ ಚಪ್ಪಲಿ.

ನನ್ನ ನಾಲಿಗೆಯ ಬುಡದಲ್ಲಿ ಗಡ್ಡೆಯಿದೆ. ಮೂವತ್ತು ದಿನ ರೇಡಿಯೇಶನ್, ಶನಿವಾರ ಭಾನುವಾರ ಬಿಡುವು. ಸ್ಕೂಟರ್ ಮುಟ್ಟಕೂಡದು ಎಂದಿದ್ದಾರೆ ಗಂಟಲಿನ ಡಾಕ್ಟರು. ಬಸ್ಸಿಗೆ ಹೋಗುತ್ತೇನೆಂದೆ. ಅಕ್ಕನ ಮಗಳು ಒಪ್ಪಲಿಲ್ಲ. ಅವಳದು ಬೇಕರಿ, ನಸುಕಿನಿಂದ ಮಧ್ಯಾಹ್ನದವರೆಗೆ ಕೈ ಹಿಟ್ಟಿನಲ್ಲೇ. "ಚಿಕ್ಕಮ್ಮ, ಅಪ್ಪ ದಿನಾ ಕರ್ಕೊಂಡು ಹೋಗ್ತಾರೆ. ಬೇಡ ಅಂದ್ರೆ ನಾನು ಅಂಗಡಿ ಮುಚ್ಚಿ ಬರ್ತೀನಿ. ಯಾವುದು ಅಂತ ನೀವೇ ಹೇಳಿ," ಎಂದಳು. ಇದಕ್ಕೆ ಪ್ರೀತಿ ಅನ್ನುತ್ತಾರಂತೆ. ನನ್ನ ಕಾಲದಲ್ಲಿ ಬೆದರಿಕೆ ಅನ್ನುತ್ತಿದ್ದರು.

ಅವಳ ಅಪ್ಪ ನನ್ನ ಅಕ್ಕನ ಗಂಡ. ಹಲ್ಲಿನ ಡಾಕ್ಟರು, ಈಗ ನಿವೃತ್ತರು, ಎಪ್ಪತ್ತೊಂದು ವಯಸ್ಸು. ಅವರೊಡನೆ ನಾನು ಮಾತುಬಿಟ್ಟು ಮೂರು ವರ್ಷವಾಯಿತು. ಕಾರಣ ಬರೆಯುವಷ್ಟು ಕಸುವು ಇವತ್ತಿಲ್ಲ. ಅಂಗೈ ಉರಿಯುತ್ತಿದೆ.

ಮಾರ್ಚ್ 4, ಮಂಗಳವಾರ

ಹತ್ತುವುದೂ ಇಳಿಯುವಷ್ಟೇ ಅವಮಾನ. ಸೀಟು ನೆಲದಿಂದ ಒಂದೂವರೆ ಗೇಣು ಇದ್ದರೆ ಹೆಚ್ಚು. ತಲೆ ಮೊದಲು ತೂರಿಸಿದರೆ ಸೊಂಟ ಬೀದಿಯಲ್ಲಿ ಉಳಿಯುತ್ತದೆ. ಸೊಂಟ ಮೊದಲು ಇಟ್ಟರೆ ತಲೆ ಚಾವಣಿಗೆ ಬಡಿಯುತ್ತದೆ. ಇವತ್ತು ಎರಡೂ ಆಯಿತು.

"ನಿಧಾನ," ಎಂದರು ಆ ಮನುಷ್ಯ.

"ನಿಧಾನವಾಗಿ ಬಡಿದ್ರೆ ನೋವಾಗಲ್ವಾ?" ಎಂದೆ.

ಮೂರು ವರ್ಷದಲ್ಲಿ ಅವರಿಗೆ ನಾನು ಆಡಿದ ಮೊದಲ ಮಾತು. ಚೆನ್ನಾಗಿತ್ತು ಎನಿಸಿತು.

ಅವರು ಇಳಿಯುವುದನ್ನೂ ನೋಡಿದೆ. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಡುತ್ತಾರೆ, ಯಾರದೋ ಸಾಮಾನು ಇಳಿಸಿದಂತೆ. ಚಾವಣಿ ಹಿಡಿದು "ಹೂಂ" ಎನ್ನುತ್ತಾರೆ. ಏಳಲಾಗುವುದಿಲ್ಲ. ಮತ್ತೊಂದು "ಹೂಂ". ಮೂರನೆಯದಕ್ಕೆ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ ಕೂದಲು ಸವರಿಕೊಳ್ಳುತ್ತಾರೆ. ಇಂಥವರಿಗೆ ಇಂಥ ಕಾರು.

ಯಂತ್ರದ ಕೋಣೆಯಲ್ಲಿ ಬಲೆಯಂಥ ಮುಖವಾಡ ಹಾಕಿ, ತಲೆಯನ್ನು ಮೇಜಿಗೆ ಸೇರಿಸಿ ಬಿಗಿಯುತ್ತಾರೆ. ಹದಿನೈದು ನಿಮಿಷ ಉಗುಳು ನುಂಗುವುದಕ್ಕೂ ಹೆದರಿಕೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾಗೆ ಮಲಗಿ, ಆ ಕಾರಿನಿಂದ ಮನುಷ್ಯರಂತೆ ಇಳಿಯುವುದು ಹೇಗೆಂದು ಯೋಚಿಸಿದೆ. ಹದಿನೈದು ನಿಮಿಷ ಬೇಗ ಹೋಯಿತು.

ಮಾರ್ಚ್ 6, ಗುರುವಾರ

ಕಾರಣ ಬರೆಯುತ್ತೇನೆ.

ಅಕ್ಕನಿಗೆ ರಕ್ತದ ಕ್ಯಾನ್ಸರ್. ಕೊನೆಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಔಷಧಿಯ ಬಿಸಿಗೆ ಬಾಯೆಲ್ಲ ಹುಣ್ಣಾಗಿತ್ತು. ಮೈ ಒರೆಸಿದವಳು, ಮಗ್ಗುಲು ಬದಲಿಸಿದವಳು, ಚಮಚದಲ್ಲಿ ನೀರು ಬಿಟ್ಟವಳು ನಾನು. ಆ ಮನುಷ್ಯ ದಿನಾ ಸಂಜೆ ಐದಕ್ಕೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಒಳಗೆ ಕಾಲಿಡಲಿಲ್ಲ. "ಬಂದಿದೀನಿ ಕಣೆ," ಎನ್ನುತ್ತಿದ್ದರು, ಪೋಸ್ಟ್ ತಂದವರ ಹಾಗೆ. ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಅವರ ದನಿ ಕೇಳಿದೊಡನೆ ಅಕ್ಕ ಗೋಡೆಯ ಕಡೆ ಹೊರಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು? ಹೆಂಡತಿಯ ನಾತಕ್ಕೆ ಹೇಸಿ ಹೊಸ್ತಿಲಲ್ಲೇ ನಿಂತ ಗಂಡನ ಮುಖ ಯಾರು ನೋಡುತ್ತಾರೆ?

ಅವಳು ಹೋಗಿ ಎರಡು ತಿಂಗಳಿಗೆ ಈ ಕಾರು ತಂದರು. ನಿಂಬೆಹಣ್ಣಿನ ಬಣ್ಣ. ಬರೀ ಎರಡು ಸೀಟು. ಅಂದು ಅಕ್ಕನ ಮಗಳ ಮುಂದೆಯೇ ನಾನು ಏನೇನೋ ಅಂದೆ. ಅಂದದ್ದರಲ್ಲಿ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮಾರ್ಚ್ 8, ಶನಿವಾರ

ಅಡುಗೆಮನೆಯ ಮೋಟು ಮಣೆ ಸರಿಯಾಗಿ ಆ ಸೀಟಿನಷ್ಟೇ ಎತ್ತರ. ಪಕ್ಕಕ್ಕೆ ಕುರ್ಚಿ ಅಡ್ಡ ಹಾಕಿ ಅದೇ ಕಾರಿನ ಬಾಗಿಲು ಎಂದುಕೊಂಡು ಬೆಳಗಿನಿಂದ ಅಭ್ಯಾಸ ಮಾಡಿದೆ. ಕಂಡುಕೊಂಡದ್ದು ಇಷ್ಟು: ಕಾರಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಕಾಲಿನ ಹಿಂಭಾಗಕ್ಕೆ ಸೀಟು ತಗುಲಿದ ಮೇಲೆ ತಲೆ ತಗ್ಗಿಸಿ ಕೂರಬೇಕು. ಆಮೇಲೆ ಎರಡೂ ಮಂಡಿ ಒಟ್ಟಿಗೆ ಒಳಗೆ, ಒಂದರ ಹಿಂದೆ ಒಂದಲ್ಲ. ಇಳಿಯುವಾಗ ಇದೇ ತಿರುಗಾಮುರುಗ. ಎರಡೂ ಪಾದ ಹೊರಗೆ ನೆಲಕ್ಕೆ, ಅಂಗೈ ಸೀಟಿನ ಅಂಚಿಗೆ. ಬಾಗಿಲನ್ನಂತೂ ನಂಬಲೇಬಾರದು. ಮುಖ್ಯವಾದದ್ದು ಮೂಗು. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿದರೆ ದೇಹ ತಾನಾಗಿ ಏಳುತ್ತದೆ. ಬಾಗಲು ನಾಚಿಕೆಪಟ್ಟರೆ ಬೀಳುತ್ತದೆ.

ಇಪ್ಪತ್ತಾರು ಸಲ ಮಾಡಿದೆ. ತೊಡೆ ನಡುಗುತ್ತಿದೆ. ಬೆಳಗಿನಿಂದ ಗಡ್ಡೆಯ ನೆನಪೇ ಆಗಲಿಲ್ಲ.

ಮಾರ್ಚ್ 12, ಬುಧವಾರ

ಇಳಿದೆ. ಒಂದು ಕೂದಲೂ ಕೊಂಕದೆ ಇಳಿದೆ. ಆ ಮನುಷ್ಯ ಕೈ ಕೊಡಲು ಸುತ್ತಿ ಬರುವಷ್ಟರಲ್ಲಿ ನಾನು ಚೀಲ ಹೆಗಲಿಗೆ ಹಾಕಿ ನಿಂತಾಗಿತ್ತು.

"ಅಬ್ಬಾ! ಹೇಗೆ ಮಾಡ್ದೆ?" ಎಂದರು.

"ಹೇಳಿಕೊಡಲ್ಲ," ಎಂದೆ.

ವಾಪಸು ಬರುವಾಗ, "ಬಾಯಿ ಒಂದ್ಸಲ ತೋರಿಸು. ರೇಡಿಯೇಶನ್ನಿಗೆ ಮೊದಲು ಹೋಗೋದು ಬಾಯೇ. ಹಲ್ಲು, ವಸಡು ನೋಡ್ಕೋಬೇಕು," ಎಂದರು. ಆಗುವುದಿಲ್ಲ ಎಂದೆ. ಹೆಂಡತಿಯ ಬಾಯಿ ನೋಡಲು ಒಳಗೆ ಬಾರದವರಿಗೆ ನನ್ನ ಬಾಯಿ ಯಾಕಂತೆ? ಇದನ್ನು ಜೋರಾಗಿ ಹೇಳಲಿಲ್ಲ. ಹೇಳಬೇಕಿತ್ತು. ಇನ್ನೆಷ್ಟು ದಿನ ದನಿ ಇರುತ್ತದೋ.

ಮಾರ್ಚ್ 18, ಮಂಗಳವಾರ

ದನಿ ಹೋಯಿತು. ಬೆಳಗ್ಗೆ ಹಾಲಿನವನಿಗೆ "ನಾಳೆ ಬೇಡ" ಎನ್ನಲು ಬಾಯಿ ತೆರೆದರೆ ಬಾಗಿಲ ಕೀಲು ಕಿರುಗುಟ್ಟಿದಂಥ ಸದ್ದು ಬಂತು. ಪೂರಾ ಮೌನವಾಗಿರಿ ಎಂದಿದ್ದಾರೆ ಗಂಟಲಿನ ಡಾಕ್ಟರು. ಎಷ್ಟು ದಿನ ಎಂದು ಬರೆದು ತೋರಿಸಿದರೆ, "ನೋಡೋಣ" ಎಂದರು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವ ದನಿ ಇತ್ತು ನನಗೆ. ಕೈಮೈಕು ಕೊಟ್ಟರೆ ಬೇಡ ಎನ್ನುತ್ತಿದ್ದೆ.

ಹಲ್ಲಿನ ಡಾಕ್ಟರಿಗೆ ಹಬ್ಬ. ಮೂವತ್ತೈದು ವರ್ಷ ಬಾಯಿ ತೆರೆದು ಮಲಗಿದವರೊಡನೆ ಮಾತಾಡಿ ರೂಢಿಯಾದವರು. ಎದುರಿನವರು ಉತ್ತರ ಕೊಡುವಂತಿಲ್ಲದಿದ್ದರೆ ಎಲ್ಲಿಲ್ಲದ ಉತ್ಸಾಹ. ಸಿಗ್ನಲಿನಿಂದ ಸಿಗ್ನಲಿಗೆ ಮಾತು: ರಸ್ತೆ ಅಗೆದವರ ಬಗ್ಗೆ, ದಾಳಿಂಬೆ ಬಿಡಿಸುವ ಬಗ್ಗೆ, ಮಗಳ ಬೇಕರಿಯ ಬ್ರೆಡ್ಡು ಯಾಕೆ ಒಂದು ಕಡೆ ವಾಲುತ್ತದೆ ಎಂಬ ಬಗ್ಗೆ. ನಾನು ಚೀಟಿ ಬರೆದು ಮುಖದ ಮುಂದೆ ಹಿಡಿದೆ: ‘ರಸ್ತೆ ನೋಡಿ.’

"ಚೀಟಿ ಓದ್ಲಾ, ರಸ್ತೆ ನೋಡ್ಲಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಮಾರ್ಚ್ 20, ಗುರುವಾರ

ಇವತ್ತು ಒಂದು ಮಾತು ಆಡಿದರು. ಕೇಳದೆಯೇ.

"ಈ ಕಾರು ತಗೊಂಡಿದ್ದಕ್ಕೆ ನೀನು ಅವತ್ತು ಬೈದೆಯಲ್ಲ. ಹಳೇ ಕಾರಲ್ಲಿ ಐದು ಸೀಟಿತ್ತು. ನಾನೊಬ್ಬ ಕೂತ್ರೆ ನಾಲ್ಕು ಖಾಲಿ. ಇದರಲ್ಲಿ ಒಂದೇ ಖಾಲಿ."

ಬರೆಯಲು ತೆಗೆದ ಚೀಟಿ ಮಡಿಸಿ ಚೀಲಕ್ಕೆ ಹಾಕಿದೆ. ಚೆಂದದ ಮಾತಾಡಿದರೆ ಮಾಡಿದ್ದೆಲ್ಲ ಮಾಫಿಯೇ? ಹೊಸ್ತಿಲಲ್ಲಿ ನಿಂತ ಹನ್ನೊಂದು ಸಂಜೆಗಳು ಎಲ್ಲಿ ಹೋಗುತ್ತವೆ?

ಮಾರ್ಚ್ 24, ಸೋಮವಾರ

ಅವರ ಕಾರಿನಲ್ಲಿ ವಾಂತಿ ಮಾಡಿಕೊಂಡೆ. ಗೇರಿನ ಕೋಲಿನ ಮೇಲೆ, ಸೀಟಿನ ಮೇಲೆ, ನನ್ನ ಪ್ಯಾಂಟಿನ ಮೇಲೆ. ಹಲ್ಲಿನ ಡಾಕ್ಟರು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಮೂರು "ಹೂಂ" ಹೇಳಿ ಇಳಿದು, ನನ್ನ ಕಡೆ ಬಂದು ಒರೆಸಿದರು. ಹಳೆಯ ಟವೆಲ್ಲು, ನೀರಿನ ಬಾಟಲಿ ಮೊದಲೇ ಇಟ್ಟುಕೊಂಡಿದ್ದರು. ಮುಖ ಸಿಂಡರಿಸಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒರೆಸಲು ಬಗ್ಗಿದಾಗ ಅವರ ಬಲಮಂಡಿ ನೋಡಿದೆ. ಪ್ಯಾಂಟಿನ ಒಳಗೂ ತೆಂಗಿನಕಾಯಿಯಷ್ಟು ಕಾಣುತ್ತದೆ. ಯಾರಿಗೂ ತೋರಿಸಿಲ್ಲವೇ? ತೋರಿಸದಿದ್ದರೆ ನನಗೇನು.

ಮಾರ್ಚ್ 27, ಗುರುವಾರ

ನಲವತ್ತಾರು ಕಿಲೋ. ಬಾಯೊಳಗೆ ಗಾಜಿನ ಚೂರು ತುಂಬಿದಂತಿದೆ. ಸೂಪು, ಹಾಲು, ಅದೂ ಸ್ಟ್ರಾದಲ್ಲಿ. ಇಳಿಯುವಾಗ ಮೂಗು ಕಾಲ್ಬೆರಳ ನೇರಕ್ಕೆ ಬಂತು. ದೇಹ ಏಳಲಿಲ್ಲ. ಎರಡನೇ ಸಲಕ್ಕೆ ಎದ್ದೆ. ಭಾವ ಕೈ ಮುಂದೆ ಮಾಡಿ ಹಿಂದಕ್ಕೆಳೆದುಕೊಂಡರು. ಬುದ್ಧಿ ಬಂದಿದೆ.

ಮಾರ್ಚ್ 31, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ದಿನಾ ಅವರು ಇಳಿದು ಬಂದು ಗಂಟೆ ಒತ್ತುತ್ತಾರೆ. ಇವತ್ತು ಗೇಟಿನ ಹೊರಗೆ ಕೂತೇ ಹಾರ್ನ್ ಹೊಡೆದರು. ಒಂದು ಸಲ, ಎರಡು ಸಲ, ಐದು ಸಲ. ನಾನೇನು ಅವರ ಆಳೇ? ಮೈಯೆಲ್ಲ ಉರಿಯಿತು. ನಿಲ್ಲಲು ತ್ರಾಣವಿಲ್ಲದವಳಿಗೆ ಎಲ್ಲಿಂದ ಬಂತೋ ಆ ಬಿರುಸು, ದಡದಡ ಹೋಗಿ ಅವರ ಕಡೆಯ ಬಾಗಿಲು ಎಳೆದೆ.

ಮುಖ ಬೂದಿಯಾಗಿತ್ತು. ಒಂದು ಕಾಲು ಪೆಡಲಿನ ಹತ್ತಿರ, ಇನ್ನೊಂದು ಅರ್ಧ ಮೇಲೆತ್ತಿದ್ದು ಹಾಗೇ ನಿಂತುಬಿಟ್ಟಿದೆ.

"ಮಂಡಿ ಹಿಡ್ಕೊಂಡಿದೆ," ಎಂದರು. "ಅರ್ಧ ಗಂಟೆ ಆಯ್ತು. ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ."

ಹೇಳಿಕೊಡಲು ನನಗೆ ದನಿ ಇರಲಿಲ್ಲ. ಕೈಯಲ್ಲೇ ಹೇಳಿದೆ. ಚಾವಣಿ ಹಿಡಿದ ಅವರ ಕೈಗೆ ಪಟ್ಟನೆ ಹೊಡೆದು ಬಿಡಿಸಿ ಸೀಟಿನ ಅಂಚಿಗಿಟ್ಟೆ. ಎರಡೂ ಮಂಡಿಯ ಕೆಳಗೆ ತೋಳು ಹಾಕಿ, ಅವರು "ಅಯ್ಯಯ್ಯೋ" ಎನ್ನುತ್ತಿದ್ದಂತೆ, ಇಡೀ ಆಸಾಮಿಯನ್ನು ರಸ್ತೆಯ ಕಡೆ ತಿರುಗಿಸಿದೆ. ಪಾದಗಳನ್ನು ನೆಲಕ್ಕೆ ಒತ್ತಿದೆ. ಹಿಂದಿನಿಂದ ಕತ್ತು ಹಿಡಿದು ಮುಂದಕ್ಕೆ ಬಾಗಿಸಿದೆ, ಇನ್ನೂ, ಇನ್ನೂ, ಮೂಗು ಬೂಟಿನ ನೇರಕ್ಕೆ ಬರುವವರೆಗೆ. ಚಿಟಿಕೆ ಹೊಡೆದೆ. ಒಂದು, ಎರಡು, ಮೂರು. ಬಂದರು. ಮೇಲೆ ಬಂದವರು ನನ್ನ ಭುಜ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರು. ನಾನೂ ಬೀಳಲಿಲ್ಲ.

ಗೇಟಿನ ಮೆಟ್ಟಿಲ ಮೇಲೆ ಕೂತೆವು. ಮಂಡಿ ನೀವಿಕೊಳ್ಳುತ್ತ ಅವರು, "ನಿಂಗೆ ತಿರುಗಿ ಮಾತಾಡೋಕೆ ಆಗಲ್ಲ ಅಂತ ಈಗ ಹೇಳ್ತಿದೀನಿ. ಇಲ್ದಿದ್ರೆ ನಂಗೆ ಧೈರ್ಯ ಬರ್ತಿರ್ಲಿಲ್ಲ," ಎಂದರು.

ಮೊದಲ ದಿನ ಅವರು ಒಳಗೆ ಬಂದಿದ್ದರಂತೆ. ನಾನು ಔಷಧಿ ತರಲು ಕೆಳಗೆ ಹೋಗಿದ್ದ ಹೊತ್ತು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳಂತೆ.

"ನಲವತ್ತು ವರ್ಷ ಅವಳ ಹಲ್ಲು ನೋಡ್ಕೊಂಡೋನು ನಾನು. ನಮ್ಮ ಕ್ಲಿನಿಕ್ಕಿಗೆ ಬಂದೋರಿಗೆಲ್ಲ ಅವಳ ನಗು ತೋರಿಸಿ, ಹೀಗಿರ್ಬೇಕು ಅಂತಿದ್ದೆ. ಆ ಬಾಯನ್ನ ಅಂಥ ಸ್ಥಿತೀಲಿ ನಾನು ನೋಡಬಾರ್ದು ಅಂತ ಅವಳಿಗೆ. ‘ಒಳಗೆ ಬರಬೇಡಿ, ಬಾಗಿಲ ಹತ್ರ ನಿಂತು ಬಂದಿದೀನಿ ಅನ್ನಿ, ಅಷ್ಟು ಕೇಳಿಸಿದ್ರೆ ಸಾಕು’ ಅಂತ ಬರೆದು ತೋರಿಸಿದ್ಲು. ನಿಂತ್ಕೊಂಡೆ. ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಅವಳ ಹತ್ರ ಜಗಳ ಆಡಿ ನನ್ನನ್ನ ಒಳಗೆ ಎಳ್ಕೊಂಡು ಬರ್ತಿದ್ದೆ. ಅದಕ್ಕೇ ಅವಳು, ತಂಗಿಗೆ ಹೇಳ್ಬೇಡಿ ಅಂದ್ಲು."

ಎದ್ದು ಕಾರಿನ ಕಡೆ ಕೈ ತೋರಿಸಿದೆ. ಮಂಡಿ ಸಡಿಲವಾಗಿತ್ತು, ಅವರೇ ಓಡಿಸಿದರು. ಆಸ್ಪತ್ರೆಗೆ ಮುಕ್ಕಾಲು ಗಂಟೆ ತಡ. ಮುಖವಾಡದೊಳಗೆ ಕಣ್ಣು ಒರೆಸಿಕೊಳ್ಳಲಾಗುವುದಿಲ್ಲ. ನೀರು ಕಿವಿಗೆ ಇಳಿಯುತ್ತದೆ.

ಏಪ್ರಿಲ್ 1, ಮಂಗಳವಾರ

ಹೋದೆ, ಬಂದೆ. ಅಕ್ಕನ ಮೇಲೆ ಕೋಪ.

ಏಪ್ರಿಲ್ 2, ಬುಧವಾರ

ಅಕ್ಕನ ಮೇಲೆ ಕೋಪ, ಅವರ ಮೇಲೆ ಕೋಪ. ಮೂರು ವರ್ಷ ಬಾಯಿ ಮುಚ್ಚಿಕೊಂಡು ಬೈಸಿಕೊಂಡರಲ್ಲ, ಹಾಗೆ ಬೈಸಿಕೊಳ್ಳಲು ಇವರಿಗೆ ಯಾರು ಹೇಳಿದ್ದರು? ನನ್ನನ್ನು ಕೆಟ್ಟವಳನ್ನಾಗಿ ಮಾಡಿ ತಾವು ದೊಡ್ಡವರಾದರು. ಇದನ್ನು ಕ್ಷಮಿಸುವುದಂತೂ ಸಾಧ್ಯವಿಲ್ಲ.

ಹಾಲೂ ಇಳಿಯುತ್ತಿಲ್ಲ. ಮೂಗಿನಿಂದ ನಳಿಗೆ ಹಾಕಬೇಕಾದೀತು ಎಂದರು ಗಂಟಲಿನ ಡಾಕ್ಟರು.

ಏಪ್ರಿಲ್ 3, ಗುರುವಾರ

ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ, ಇಳಿಯುವ ಮೊದಲು, ಭಾವನ ತೋಳು ತಟ್ಟಿ ಬಾಯಿ ತೆರೆದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಜೇಬಿನಿಂದ ಪುಟ್ಟ ಟಾರ್ಚು ತೆಗೆದರು. ಮೊದಲ ದಿನದಿಂದ ಜೇಬಿನಲ್ಲೇ ಇತ್ತೇನೋ. ಗಲ್ಲ ಹಿಡಿದು ಮೇಲೆ ನೋಡಿದರು, ಕೆಳಗೆ ನೋಡಿದರು, ನಾಲಿಗೆ ಪಕ್ಕಕ್ಕೆ ಸರಿಸು ಎಂದರು. ಕ್ಲಿನಿಕ್ಕಿನ ದನಿ.

"ಎಡಗಡೆ ಒಳಕೆನ್ನೇಲಿ ಒಂದು ದೊಡ್ಡ ಹುಣ್ಣಿದೆ. ಅಲ್ಲೇ ಒಂದು ಹಲ್ಲಿನ ಮೂಲೆ ಚೂಪಾಗಿದೆ, ಅದು ಉಜ್ಜಿ ಉಜ್ಜಿ ಹೆಚ್ಚಾಗಿದೆ. ಅದನ್ನ ನುಣ್ಣಗೆ ಮಾಡಿದ್ರೆ ಅರ್ಧ ನೋವು ಹೋಗುತ್ತೆ. ಉಪ್ಪು ಸೋಡಾ ನೀರಲ್ಲಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸು. ಎರಡು ವಾರದಿಂದ ಇದನ್ನ ಇಟ್ಕೊಂಡು ಹೇಗಿದ್ದೆ?"

ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಅವರೇ ಕರೆದೊಯ್ದು, ಅಲ್ಲಿನ ಎಳೆಯ ಡಾಕ್ಟರ ಪಕ್ಕದಲ್ಲಿ ನಿಂತು, ಅದು ಹಾಗಲ್ಲ, ಹೀಗೆ ಎಂದು ಪ್ರಾಣ ತಿಂದು ಆ ಮೂಲೆ ಉಜ್ಜಿಸಿದರು. ಸಂಜೆ ಅರ್ಧ ಲೋಟ ಹಾಲು ಇಳಿಯಿತು.

ಕಾರಿನಲ್ಲಿ ಟಾರ್ಚು ಆರಿಸಿದ ಮೇಲೆ ಅವರು ಅದನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ನಾನು ಚೀಲದಲ್ಲಿ ಏನೋ ಹುಡುಕಿದಂತೆ ಮಾಡಿದೆ.

ಏಪ್ರಿಲ್ 11, ಶುಕ್ರವಾರ

ಮೂವತ್ತನೆಯದು. ಮುಗಿಯಿತು. ಮುಖವಾಡ ಮನೆಗೆ ಬೇಕಾ ಎಂದು ಕೇಳಿದಳು ಯಂತ್ರದ ಕೋಣೆಯವಳು. ಬೇಡ ಎಂದು ಕೈಯಾಡಿಸಿದೆ.

ಮನೆಯ ಮುಂದೆ ಕಾರಿನಿಂದ ಇಳಿದೆ. ಮಂಡಿಗಳೆರಡೂ ಜೊತೆಗೆ ಹೊರಗೆ ಬಂದವು. ಪಾದ, ಅಂಗೈ, ಮೂಗು ಎಲ್ಲ ಅದರದರ ಜಾಗದಲ್ಲಿ. ಒಂದೇ ಉಸಿರಿಗೆ ಎದ್ದೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಭಾವ ನೋಡಿದರು.

ಮೇ 26, ಸೋಮವಾರ

ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿದರು. ಗಡ್ಡೆ ಕಾಣುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ಅವರ ಮುಂದೆ ಏನೂ ಅನ್ನಿಸಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವರು ಬರೆದ ಚೀಟಿಯನ್ನು ಮೂರು ಸಲ ಓದಿದೆ.

ದನಿ ಕಾಗೆಯದು. ಆದರೂ ದನಿ. ಅದರಲ್ಲಿ ಮೊದಲು ಬೈದದ್ದು ಭಾವನನ್ನು. ಮಧ್ಯಾಹ್ನ ಬ್ರೆಡ್ಡು ತಂದ ಅಕ್ಕನ ಮಗಳು ಬಾಯಿ ಜಾರಿ ಹೇಳಿಬಿಟ್ಟಳು. ಅವಳ ಅಪ್ಪನ ಮಂಡಿ ಆಪರೇಷನ್ ಮಾರ್ಚ್ ಹತ್ತಕ್ಕೆ ನಿಗದಿಯಾಗಿತ್ತಂತೆ. ನನ್ನನ್ನು ಕರೆದೊಯ್ಯಬೇಕೆಂದು ಮುಂದಕ್ಕೆ ಹಾಕಿಸಿದರಂತೆ.

ಫೋನು ಮಾಡಿದೆ. "ನಿಮಗೆ ಬುದ್ಧಿ ಅನ್ನೋದು ಇದೆಯಾ ಭಾವ? ಅವತ್ತು ನಡುರಸ್ತೇಲಿ ಕಾಲು ಹಿಡ್ಕೊಂಡಿದ್ರೆ ಇಬ್ರೂ ಸಾಯ್ತಿದ್ವಿ!"

"ದನಿ ಬಂತಲ್ಲ," ಎಂದರು.

ಉತ್ತರ ಅದಲ್ಲ ಎಂದು ಫೋನು ಇಟ್ಟುಬಿಟ್ಟೆ.

ಜೂನ್ 9, ಸೋಮವಾರ

ಇವತ್ತು ಅವರ ಆಪರೇಷನ್. ಎಂಟಕ್ಕೆ ಅಲ್ಲಿರಬೇಕು. ಟ್ಯಾಕ್ಸಿ ಕರೆಸುತ್ತೇನೆ ಎಂದಳು ಅಕ್ಕನ ಮಗಳು. ಶಾಲೆಯ ವ್ಯಾನನ್ನು ಎಂಟು ವರ್ಷ ಓಡಿಸಿದವಳು ನಾನು, ಬೀಗದ ಕೈ ಕೊಡಿ ಎಂದೆ. ಭಾವ ಕೊಟ್ಟರು, ಕಿಡ್ನಿ ಕಿತ್ತುಕೊಟ್ಟ ಮುಖ ಮಾಡಿಕೊಂಡು. ದಾರಿಯುದ್ದಕ್ಕೂ ಕ್ಲಚ್ಚು, ಕ್ಲಚ್ಚು ಎಂದು ಗೊಣಗಿದರು. ಸುಮ್ಮನೆ ಕೂರಿ ಎಂದೆ. ಕೂರಲಿಲ್ಲ. ಹೆದರಿದ್ದರು, ಅಷ್ಟೆ.

ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಮತ್ತೆ ಅದೇ ಹಳೆಯ ಚಾಳಿ. ಒಂದು ಕಾಲು ಹೊರಗೆ, ಕೈ ಚಾವಣಿಗೆ, "ಹೂಂ".

"ವಾಪಸ್ ಕೂತ್ಕೊಳ್ಳಿ," ಎಂದೆ.

"ಯಾಕೆ?"

"ಮೊದಲಿಂದ. ಎರಡೂ ಮಂಡಿ ಒಟ್ಟಿಗೆ."

"ಇಷ್ಟು ಜನರ ಮುಂದೆನಾ?"

"ಜನ ಇದ್ದಾಗಲೇ ಸರಿಯಾಗಿ ಇಳೀಬೇಕು."

ಎರಡನೇ ಸಲ ಕೈ ತಪ್ಪಿತು. ಮೂರನೇ ಸಲ ಬಾಗಲು ನಾಚಿಕೆಪಟ್ಟರು. ಹಿಂದೆ ಯಾರೋ ಹಾರ್ನ್ ಹೊಡೆದರು. ಇನ್ನೂ ಯಾರೋ ಹೊಡೆದರು. ಕಿಟಕಿ ಇಳಿಸಿ ಕೂಗಿದವನಿಗೆ ನನ್ನ ಕಾಗೆದನಿಯಲ್ಲೇ, "ಸ್ವಲ್ಪ ತಡ್ಕೊಳ್ಳಿ!" ಎಂದೆ. ಅವನು ತಲೆ ಒಳಗೆಳೆದುಕೊಂಡ. ಭಾವನ ಮುಂದೆ ನಿಂತು ಬೆರಳಿನಿಂದ ಚಿಟಿಕೆ ಹೊಡೆದೆ.

ನಾಲ್ಕನೇ ಸಲಕ್ಕೆ ಸರಿಬಂತು.